ಕಿವಿಯಿಂದ ಅಕ್ಷರ ಅಳೆದ ಮಿಸ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆರರ ವರ್ಗಕ್ಕೆ ಎಂಟರ ವರ್ಗ ಕೂಡಿದರೆ ಹತ್ತರ ವರ್ಗ ಬರುತ್ತದೆ ಎಂದು ಮನುಷ್ಯಕುಲ ಎಷ್ಟೋ ಕಾಲದಿಂದ ನಂಬಿಕೊಂಡು ನೆಮ್ಮದಿಯಾಗಿತ್ತು. ಆ ನೆಮ್ಮದಿಯನ್ನು ಶಿವಾಜಿನಗರದ ಒಂದು ಮಹಡಿಯ ಮೇಲೆ ಕೂತು, ಒಂದೇ ಮಧ್ಯಾಹ್ನದಲ್ಲಿ ಕೆಡಿಸಿದವನು ನಾನು. ನಾನು ಪುಟ ಜೋಡಿಸಿದ ಗಣಿತದ ಪುಸ್ತಕದಲ್ಲಿ 6² + 8² = 10² ಎನ್ನುವ ಸಾಲು 62 + 82 = 102 ಎಂದು ಓದಿಸಿಕೊಳ್ಳುತ್ತಿತ್ತು. ಒಂದು ಪುಟದಲ್ಲಿ ಹೀಗಾಗಿದ್ದರೆ ಇಲಿಯ ಮೇಲೋ ಕರೆಂಟಿನ ಮೇಲೋ ಹಾಕಬಹುದಿತ್ತು. ವರ್ಗ ಬಂದ ಕಡೆಯಲ್ಲೆಲ್ಲ ಹೀಗೇ ಆಗಿತ್ತು. ಅದನ್ನು ಓದಬೇಕಾಗಿದ್ದವರೋ, ಗಣಿತದಲ್ಲಿ ಆಗಲೇ ಒಂದು ಸಲ ಫೇಲಾಗಿದ್ದ ಹತ್ತನೇ ಕ್ಲಾಸಿನ ಹುಡುಗಿಯರು.

ಇಂಥ ಘನಕಾರ್ಯ ಮಾಡಿದವನನ್ನು ಬೇರೆ ಯಾರಾದರೂ ಆಗಿದ್ದರೆ ಮೆಟ್ಟಿಲ ಮೇಲಿಂದ ಕೆಳಕ್ಕೆ ಉರುಳಿಸುತ್ತಿದ್ದರು. ಮೆಟ್ಟಿಲು ಕೂಡ ಅದಕ್ಕೆ ಹೇಳಿಮಾಡಿಸಿದಂತಿತ್ತು, ಕಡಿದಾಗಿ, ಹಿಡಿದುಕೊಳ್ಳಲು ಕಂಬಿಯಿಲ್ಲದೆ. ಮಿಸ್ ಉರುಳಿಸಲಿಲ್ಲ.

ಇಡೀ ಬೀದಿ ಅವರನ್ನು ಮಿಸ್ ಎಂದೇ ಕರೆಯುತ್ತಿತ್ತು. ಮಾಂಸದಂಗಡಿಯವರು, ಆಟೋದವರು, ಅವರಿಗಿಂತ ವಯಸ್ಸಾಗಿದ್ದ ಅತ್ತರಿನ ಅಂಗಡಿಯ ಅಜ್ಜ ಕೂಡ. ಅವರ ಮನೆಮಾತು ದಖನಿ. ಊರಿಗೆ ಹೇಳಿಕೊಟ್ಟದ್ದು ಕನ್ನಡ ಮಾಧ್ಯಮದ ಗಣಿತ. ಹುಡುಗಿಯರ ಹೈಸ್ಕೂಲಿನಲ್ಲಿ ಕೂದಲು ಪೂರಾ ಬೆಳ್ಳಗಾಗುವ ತನಕ ಪಾಠ ಮಾಡಿ ನಿವೃತ್ತರಾಗಿದ್ದರು. ನಿವೃತ್ತಿಯಾದದ್ದು ಸ್ಕೂಲಿನಿಂದ ಮಾತ್ರ. ಮಾತು ಮುಗಿಸಿದಾಗಲೆಲ್ಲ ಎರಡೂ ಅಂಗೈ ತಟ್ಟಿ, ಇಲ್ಲದ ಸೀಮೆಸುಣ್ಣದ ಪುಡಿಯನ್ನು ಕೊಡವುತ್ತಿದ್ದರು. ಆ ಸದ್ದು ಬಿತ್ತೆಂದರೆ ಆ ವಿಷಯ ಮುಗಿಯಿತು. ತರಕಾರಿಯವನ ಜೊತೆಗಿನ ಚೌಕಾಸಿಯೂ ಹಾಗೇ ಮುಗಿಯುತ್ತಿತ್ತು.

ವಿನಯ ಅವರಿಗೆ ಒಗ್ಗುತ್ತಿರಲಿಲ್ಲ. "ಕಂಟೋನ್ಮೆಂಟಲ್ಲಿ ನನಗಿಂತ ಚೆನ್ನಾಗಿ ಬರಿಗೈಯಲ್ಲಿ ವೃತ್ತ ಎಳೆಯೋರು ಇದ್ರೆ ಕರ್ಕೊಂಡ್ ಬಾ" ಎನ್ನುತ್ತಿದ್ದರು. ನಾನು ಸುಮ್ಮನಿರಲಾರದೆ, "ತೋರ್ಸಿ ಮಿಸ್" ಎಂದೆ. ಎದ್ದು ಹೋಗಿ ಗೋಡೆಯ ಮೇಲೆ ಸರ‍್ರನೆ ಎಳೆದರು. ಅದು ಕೋಳಿಮೊಟ್ಟೆಯಂತಿತ್ತು. ಇಬ್ಬರೂ ಅದನ್ನು ಸ್ವಲ್ಪ ಹೊತ್ತು ನೋಡಿದೆವು.

"ಗೋಡೆ ಡೊಂಕಿದೆ" ಎಂದು ಕೈ ಕೊಡವಿದರು.

ಅವರ ತಮ್ಮನದು ಕೆಳಗಡೆ ಪೇಪರ್ ಅಂಗಡಿ. ರೀಮುಗಟ್ಟಲೆ ಕಾಗದ ಮಾರುವ ಅವರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಮಿಸ್ ಶಾಲೆಗಳ ಪ್ರಶ್ನೆಪತ್ರಿಕೆ, ಗೈಡು, ಒಮ್ಮೊಮ್ಮೆ ಮದುವೆ ಕಾರ್ಡು ಹೀಗೆ ಪುಟ ಜೋಡಿಸುವ ಕೆಲಸ ಮಾಡಿಸುತ್ತಿದ್ದರು. ನಾನು ಹಲಸೂರಿನವನು. ಬಿ.ಕಾಂ. ಮುಗಿಸಿ, ಗಣಿತದ ಪುಟ ಜೋಡಿಸುವ ಸಾಫ್ಟ್‌ವೇರನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತು, ಲೋಕವೇ ನನ್ನನ್ನು ಕಾಯುತ್ತಿದೆ ಎಂದುಕೊಂಡು ಆ ಮೆಟ್ಟಿಲು ಹತ್ತಿದ್ದೆ.

"ಗಣಿತ ಬರುತ್ತಾ?" ಎಂದು ಕೇಳಿದರು.

"ಬರುತ್ತೆ ಮಿಸ್. ಪಾಸ್ ಆಗಿದೀನಿ."

"ಎಷ್ಟನೇ ಸಲಕ್ಕೆ?"

ನಾನು ಫ್ಯಾನ್ ನೋಡಿದೆ. ಅದು ತಿರುಗುತ್ತಿರಲಿಲ್ಲ. ಆದರೂ ನೋಡಿದೆ.

"ನಾಳೆಯಿಂದ ಬಾರಯ್ಯ ರಾಜಾ" ಎಂದರು. ಅವತ್ತಿನಿಂದ ಕೊನೆಯವರೆಗೂ ನನ್ನನ್ನು ರಾಜಾ ಎಂದೇ ಕರೆದರು. ನನ್ನ ಹೆಸರು ರಾಜ ಅಲ್ಲ.

ಆಗ ಅವರು ಮಾಡಲು ಹೊರಟಿದ್ದ ಪುಸ್ತಕ ಅವರದ್ದೇ. ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ, ಸಪ್ಲಿಮೆಂಟರಿ ಪರೀಕ್ಷೆಗೆ ಕೂರಬೇಕಾಗಿದ್ದ ಕನ್ನಡ ಮಾಧ್ಯಮದ ಹುಡುಗಿಯರಿಗಾಗಿ ಬರೆದದ್ದು. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದು ಬೈಯಪ್ಪನಹಳ್ಳಿ, ಕೆ.ಆರ್. ಪುರದ ಬಾಡಿಗೆ ಕೋಣೆಗಳಲ್ಲಿದ್ದವರ ಮಕ್ಕಳು. ಆ ಪರೀಕ್ಷೆಯೂ ಹೋಯಿತೆಂದರೆ ಆ ಹುಡುಗಿಯರ ಓದು ಅಲ್ಲಿಗೆ ನಿಂತಂತೆ. ಭಾನುವಾರಗಳಂದು ಮಿಸ್ ಅವರಿಗೆ ಆ ಕೋಣೆಯಲ್ಲೇ ಪಾಠ ಮಾಡುತ್ತಿದ್ದರು. ಮಿಸ್ಸಿನ ಕಣ್ಣೂ ಹೋಗುತ್ತಿತ್ತು. ಎಡಗಣ್ಣು ಪೂರಾ ಮಂಜು, ಬಲಗಣ್ಣಿಗೆ ಕಾಗದವನ್ನು ಮೂಗಿಗೆ ಒತ್ತಿಕೊಂಡರೆ ಮಾತ್ರ ಅಕ್ಷರ. ಅದನ್ನವರು ಮುಚ್ಚಿಡಲೂ ಇಲ್ಲ, ಅದರ ಬಗ್ಗೆ ಮರುಗಲೂ ಇಲ್ಲ. "ಕಣ್ಣು ರಿಟೈರ್ಡ್. ಕಿವಿ ಇನ್ನೂ ಸರ್ವೀಸಲ್ಲಿದೆ. ಓದು" ಎನ್ನುತ್ತಿದ್ದರು.

ಮೊದಲ ವಾರ ನಾನು ಕೊಟ್ಟ ಪುಟವನ್ನು ಮೂಗಿಗೆ ಹಿಡಿದು, "ಈ x ಯಾಕೆ ಹಸಿದಂಗಿದೆ?" ಎಂದು ಕೇಳಿದರು.

"ಇಲ್ಲ ಮಿಸ್. ಕನ್ನಡದ ಅಕ್ಷರಾನೂ ಹನ್ನೆರಡು ಪಾಯಿಂಟ್ ಸೈಜು, x ಕೂಡ ಹನ್ನೆರಡೇ. ಸಾಫ್ಟ್‌ವೇರೇ ಹಾಕಿದೆ."

"ನಿನ್ನ ಚಪ್ಪಲಿ ಸೈಜ್ ಎಷ್ಟು?"

"ಎಂಟು ಮಿಸ್."

"ಕೆಳಗೆ ಬೀದಿಯಲ್ಲಿ ಯಾವ ಅಂಗಡಿ ಎಂಟು ಹಾಕ್ಕೊಂಡ್ರೂ ಕಾಲಿಗೆ ಹಿಡಿಯುತ್ತಾ?"

ಹಿಡಿಯುವುದಿಲ್ಲ. ಒಂದು ಕಂಪನಿಯ ಎಂಟು ಕಚ್ಚುತ್ತದೆ, ಇನ್ನೊಂದರದು ಕಳಚಿಕೊಳ್ಳುತ್ತದೆ. ಅಕ್ಷರವೂ ಹಾಗೆಯೇ ಅಂತೆ. ನಮ್ಮ ಕನ್ನಡದ ಅಕ್ಷರ ಗುಂಡಗೆ, ತುಂಬಿಕೊಂಡಿರುತ್ತದೆ. ಇಂಗ್ಲಿಷಿನ ಸಣ್ಣ x ಅದೇ ಹನ್ನೆರಡು ಎಂಬ ಸಂಖ್ಯೆ ಹೊತ್ತುಕೊಂಡು ಪಕ್ಕದಲ್ಲಿ ನಿಂತರೂ ಕಣ್ಣಿಗೆ ಚಿಕ್ಕದು. ಇಂಗ್ಲಿಷ್ ಪುಸ್ತಕದಲ್ಲಿ ಈ ತೊಂದರೆ ಇಲ್ಲ, ಅಲ್ಲಿ x ತನ್ನ ಬಳಗದವರ ನಡುವೆಯೇ ಇರುತ್ತದೆ. ಕನ್ನಡ ಸಾಲಿನಲ್ಲಿ ಮಾತ್ರ ಅದು ಒಂದೋ ಇರುವೆಯಂತೆ ಕಾಣುತ್ತದೆ, ಇಲ್ಲ ಯಾರಾದರೂ ಸಿಟ್ಟಿನಿಂದ ಹಿಗ್ಗಿಸಿದರೆ ಬಾಗಿಲಲ್ಲಿ ನಿಂತ ಪೊಲೀಸಿನವನಂತೆ.

"ಹುಡುಗಿ ಓದ್ಕೊಂಡು ಬರ್ತಾ ಇರ್ತಾಳೆ" ಎಂದರು ಮಿಸ್. "ಒಂದು ತ್ರಿಭುಜದ ಪಾದ... ಅಲ್ಲಿ x ಬಂತು. ನಿಂತ್ಬಿಡ್ತಾಳೆ. ಲೆಕ್ಕ ಕಷ್ಟ ಅಂತಲ್ಲ, ಯಾರೋ ಗುರುತಿಲ್ಲದೋರು ಬಂದ್ರು ಅಂತ. ಅಲ್ಲಿ ನಿಂತೋಳು ಮುಂದಕ್ಕೆ ಹೋಗಲ್ಲ ರಾಜಾ. ನಾನು ಮೂವತ್ತು ವರ್ಷ ನೋಡಿದೀನಿ."

ಗಾತ್ರ ಹೊಂದಿಸಲು ಬೇರೆಯವರು ಸ್ಕೇಲು ಹಿಡಿಯುತ್ತಾರೆ, ಪರದೆಯನ್ನು ಹಿಗ್ಗಿಸಿ ನೋಡುತ್ತಾರೆ. ಮಿಸ್ ಕಣ್ಣುಮುಚ್ಚಿ ಕುರ್ಚಿಗೆ ಒರಗುತ್ತಿದ್ದರು. ನಾನು ಜೋರಾಗಿ ಓದಬೇಕು. ದನಿ x ಹತ್ತಿರ ನಿಂತರೆ ಮೇಜು ತಟ್ಟುತ್ತಿದ್ದರು. ಆಮೇಲೆ ನಾನು x ಗಾತ್ರವನ್ನು ಕಾಲು ಪಾಯಿಂಟ್ ಏರಿಸಿ, ಮತ್ತೆ ಪ್ರಿಂಟ್ ತೆಗೆದು, ಬೇರೆ ಲೆಕ್ಕ ಹಾಕಿ, ಮತ್ತೆ ಓದಬೇಕು. ದನಿ ತಡೆಯದೆ ದಾಟಿಕೊಂಡು ಹೋದ ಗಾತ್ರವೇ ಸರಿಯಾದ ಗಾತ್ರ.

"ಒಂದು ಆಯತದ ಉದ್ದವು ಅದರ ಅಗಲಕ್ಕಿಂತ..." ಎಂದು ನಾನು ರಾಗವಾಗಿ ಶುರುಮಾಡುತ್ತಿದ್ದೆ. "...x... ಮೀಟರ್ ಹೆಚ್ಚಾಗಿದ್ದು..."

ಟಪ್.

"ಯಾಕೆ ನಿಂತೆ?"

"ನಿಂತಿಲ್ಲ ಮಿಸ್. ಉಸಿರು ತಗೊಂಡೆ."

"ಹಿಂದಿನ ಸಾಲಲ್ಲೂ x ಹತ್ರಾನೇ ಉಸಿರು ತಗೊಂಡೆ. ಅದರ ಹಿಂದಿನ ಸಾಲಲ್ಲೂ. x ಏನು, ಆಮ್ಲಜನಕ ಕೊಡುತ್ತಾ?"

ನನ್ನ ಮರ್ಯಾದೆ ಉಳಿಸಿಕೊಳ್ಳಲು ಒಮ್ಮೆ ಬೇಕೆಂದೇ ನಿಲ್ಲದೆ ಓದಿದೆ. ಮುಂದಿನ ಪದವನ್ನೂ ನುಂಗಿಬಿಟ್ಟೆ. "ಹೆದರಿಕೊಂಡು ಓಡೋದೂ ಕೇಳುತ್ತೆ ನನಗೆ" ಎಂದರು. ಹೀಗೆ ಕಾಲು ಕಾಲಾಗಿ ಏರುತ್ತಾ ಹನ್ನೆರಡು ಪಾಯಿಂಟಿನ ಕನ್ನಡಕ್ಕೆ ಹದಿಮೂರೂವರೆ ಪಾಯಿಂಟಿನ x ಎಂದು ತೀರ್ಮಾನವಾಯಿತು. ನನ್ನ ಗಂಟಲು ಆ ಹೊತ್ತಿಗೆ ಕೆ.ಆರ್. ಪುರ ಸಂತೆಯಲ್ಲಿ ಸೊಪ್ಪು ಮಾರುವವರ ಗಂಟಲಾಗಿತ್ತು.

ಇನ್ನು ನನ್ನ ಘನಕಾರ್ಯ.

ಆ ಸಾಫ್ಟ್‌ವೇರಿನಲ್ಲಿ ಗಾತ್ರ ಬದಲಿಸಲು ಮೌಸ್ ಹಿಡಿದು ಎಳೆಯುವಂತಿಲ್ಲ, ಒಂದು ಆಜ್ಞೆ ಬರೆಯಬೇಕು. ಅದರಲ್ಲಿ ನಾಲ್ಕು ಸಂಖ್ಯೆ. ಮೊದಲನೆಯದು ಸಾಲಿನ ಅಕ್ಷರದ್ದು. ಎರಡನೆಯದು ಗಣಿತದ ಅಕ್ಷರದ್ದು. ಮೂರನೆಯದು ಘಾತಾಂಕದ್ದು, ಅಂದರೆ ತಲೆಯ ಮೇಲೆ ಕೂರುವ ವರ್ಗ, ಘನದ ಪುಟ್ಟ ಅಂಕಿಯದ್ದು. ನಾಲ್ಕನೆಯದು ಆ ಘಾತಾಂಕದ ಮೇಲೆ ಇನ್ನೊಂದು ಕೂತರೆ ಅದರದ್ದು. ಅಲ್ಲಿಯವರೆಗೂ ನಾನು ಓದಲೆಂದು ತೆಗೆದ ಪುಟಗಳೆಲ್ಲ ಮೊದಲ ಅಧ್ಯಾಯದವು, ಬರೀ x ಇದ್ದವು. ಘಾತಾಂಕದ ವಿಷಯ ನಾವು ಮಾತೇ ಆಡಿರಲಿಲ್ಲ.

ಮಿಸ್ ಸೋದರ ಸೊಸೆಯ ಮದುವೆಗೆಂದು ಕೋಲಾರಕ್ಕೆ ಹೊರಟರು. ಹೋಗುವಾಗ, "ಗಣಿತದ ಸೈಜು ಹದಿಮೂರೂವರೆ. ಪೂರಾ ಪುಸ್ತಕಕ್ಕೆ ಹಾಕಿ, ಜೆರಾಕ್ಸ್ ಮಾಡಿಸಿ, ಹುಡುಗೀರಿಗೆ ಕೊಟ್ಬಿಡು. ಪರೀಕ್ಷೆ ಹತ್ರ ಬಂತು" ಎಂದರು.

ನಾನು ಆಜ್ಞೆ ಬರೆಯಲು ಕೂತೆ. ಹನ್ನೆರಡು. ಹದಿಮೂರೂವರೆ. ಇನ್ನೆರಡು ಜಾಗ ಖಾಲಿ. ಹಲಸೂರಿನಲ್ಲಿ ನಮ್ಮ ಏರಿಯಾದವರ ಟೆನಿಸ್ ಬಾಲ್ ಮ್ಯಾಚಿತ್ತು, ಓಪನಿಂಗ್ ಬ್ಯಾಟ್ಸ್‌ಮನ್ ನಾನು, ಫೋನ್ ಮೇಲೆ ಫೋನು. "ಎಲ್ಲಿದ್ಯಾ ಮಗಾ, ಟಾಸ್ ಆಗೋಯ್ತು!" ಆಗ ನನ್ನೊಳಗಿನ ತತ್ವಜ್ಞಾನಿ ಎದ್ದ. ಮಿಸ್ ಹೇಳಿದ್ದು ಗಣಿತದ ಸೈಜು ಹದಿಮೂರೂವರೆ ಎಂದು. ಘಾತಾಂಕವೂ ಗಣಿತವೇ ತಾನೆ? ಅದನ್ನು ಮಾತ್ರ ಚಿಕ್ಕದು ಮಾಡಿ ಮೂಲೆಯಲ್ಲಿ ಕೂರಿಸುವುದು ಯಾವ ನ್ಯಾಯ? ಮೂರಕ್ಕೂ ಹದಿಮೂರೂವರೆ ಹಾಕಿ, ಮೊದಲ ಎರಡು ಪುಟ ನೋಡಿ, ಭೇಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಜೆರಾಕ್ಸ್ ಅಂಗಡಿಗೆ ಕಳಿಸಿ ಓಡಿದೆ. ಮೊದಲ ಬಾಲಿಗೇ ಔಟಾದೆ.

ಘಾತಾಂಕ ಸ್ವಲ್ಪ ಮೇಲೆ ಕೂರುತ್ತದೆ ನಿಜ. ಆದರೆ ಗಾತ್ರ ಒಂದೇ ಆದಾಗ ಆ "ಸ್ವಲ್ಪ" ಯಾರ ಕಣ್ಣಿಗೂ ಬೀಳುವುದಿಲ್ಲ. ಅದೂ ಜೆರಾಕ್ಸ್ ಆದ ಮೇಲೆ. ಮೇಲಿನ ಸಾಲಿನ ಒತ್ತಕ್ಷರದ ಬಾಲಕ್ಕೆ ಈ ದಪ್ಪ 2 ತಲೆ ಗುದ್ದಿಕೊಂಡು, ಅದೂ ಇದೂ ಸೇರಿ ಮಸಿಯ ಮುದ್ದೆಯಾಗಿತ್ತು.

ಮಿಸ್ ಮದುವೆ ಮುಗಿಸಿ ಬಂದ ದಿನವೇ ರೇಣುಕಾ ಮೆಟ್ಟಿಲು ಹತ್ತಿ ಬಂದಳು. ಯಾದಗಿರಿ ಕಡೆಯವಳು, ಮನೆ ಬೈಯಪ್ಪನಹಳ್ಳಿಯಲ್ಲಿ. ಅಪ್ಪ ಗಾರೆ ಕೆಲಸ, ಅವ್ವ ಯಾವುದೋ ಆಫೀಸಿನಲ್ಲಿ ಕಸ ಗುಡಿಸುವ ಕೆಲಸ. ಭಾನುವಾರದ ಪಾಠದಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು. ಪುಸ್ತಕವನ್ನು ಮೇಜಿನ ಮೇಲಿಟ್ಟು, "ತಗೋರಿ ಮಿಸ್. ನನಗಾಗೂದಿಲ್ಲ" ಎಂದಳು.

"ಯಾಕಮ್ಮಾ?"

"ಅರವತ್ತೆರಡಕ್ಕ ಎಂಬತ್ತೆರಡು ಕೂಡ್ಸಿದ್ರ ನೂರಾ ನಲವತ್ನಾಕು ಬರ್ತದ್ರಿ. ಪುಸ್ತಕದಾಗ ನೂರಾ ಎರಡು ಅದ. ರಾತ್ರಿ ಎಲ್ಲಾ ಮಾಡಿ ನೋಡೀನಿ. ಅವ್ವನ ಕೈಲೆ ಸೈತ ಮಾಡ್ಸೀನಿ. ನನಗ ತಲಿ ಇಲ್ರಿ. ಅವ್ವಗ ಹೇಳಿಬಿಟ್ಟೀನಿ, ಪರೀಕ್ಷಾ ಬರ್ಯೂದಿಲ್ಲಂತ. ಆಕಿ ಗಾರ್ಮೆಂಟ್ಸಿನ್ಯಾಗ ಮಾತಾಡ್ಯಾಳ."

ಮಿಸ್ ಪುಟವನ್ನು ಬಲಗಣ್ಣಿಗೆ ಒತ್ತಿಕೊಂಡರು. ಬಹಳ ಹೊತ್ತು ಒತ್ತಿಕೊಂಡೇ ಇದ್ದರು. ನಾನು ಕೀಬೋರ್ಡಿನ ಧೂಳು ಒರೆಸಲು ಶುರುಮಾಡಿದೆ.

"ರಾಜಾ."

"ಮಿಸ್?"

"ಮದುವೆ ಊಟ ಮಾಡ್ಕೊಂಡು ಬಂದಿರೋದು ನಾನು. ಈ ಎರಡು ಯಾಕಯ್ಯಾ ಇಷ್ಟು ದಪ್ಪ ಆಗಿದೆ?"

"ಎಲ್ಲಾ ಒಂದೇ ಸೈಜಿದ್ರೆ ನೀಟಾಗಿ ಕಾಣುತ್ತೆ ಅಂತ ಮಿಸ್..."

"ನೀಟಾಗಿದೆ. ಬಹಳ ನೀಟಾಗಿದೆ. ಈ ಹುಡುಗಿ ಓದನ್ನ ನೀಟಾಗಿ ಒರೆಸಿ ಇಟ್ಟಿದೀಯಾ."

ರೇಣುಕಾ ನನ್ನನ್ನೂ ಪುಸ್ತಕವನ್ನೂ ನೋಡಿದಳು. "ಹಂಗಾದ್ರ ನಾ ಕೂಡ್ಸಿದ್ದು ಸರಿ ಇತ್ತೇನ್ರಿ?"

"ಸರಿ ಇತ್ತಮ್ಮಾ. ತಲೆ ಇಲ್ದೇ ಇರೋದು ಇಲ್ಲಿ ಬೇರೆಯವರಿಗೆ."

ಆದರೆ ಅವಳು ಪುಸ್ತಕ ವಾಪಸ್ ತೆಗೆದುಕೊಳ್ಳಲಿಲ್ಲ. ಅವ್ವ ಮಾತು ಕೊಟ್ಟಾಗಿದೆ, ಸೋಮವಾರದಿಂದ ಕೆಲಸಕ್ಕೆ ಹೋಗಬೇಕು ಎಂದಳು. ಮಿಸ್ ಎದ್ದು ಸೆರಗು ಬಿಗಿದುಕೊಂಡರು. "ಆಟೋ ಕರಿ ರಾಜಾ. ನೀನೂ ಹತ್ತು."

ಬೈಯಪ್ಪನಹಳ್ಳಿಯ ಆ ಕೋಣೆಯಲ್ಲಿ ರೇಣುಕಾಳ ಅವ್ವ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಮಂಡಕ್ಕಿ ಒಗ್ಗರಣೆ ಹಾಕಿ ತಟ್ಟೆ ತುಂಬ ಕೊಟ್ಟರು. ಮಿಸ್ ನನ್ನ ಕಡೆ ಗದ್ದ ತೋರಿಸಿದರು. ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ನಾನು ಪಾಪನಿವೇದನೆ ಮಾಡಿದೆ. ಮಗಳದು ತಪ್ಪಿಲ್ಲ, ತಪ್ಪು ನನ್ನದು, ಮೇಲೆ ಚಿಕ್ಕದಾಗಿ ಇರಬೇಕಾದ ಎರಡನ್ನು ಪಕ್ಕದಲ್ಲಿ ದೊಡ್ಡದಾಗಿ ಕೂರಿಸಿಬಿಟ್ಟೆ ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮಿಸ್ ಕಡೆ ತಿರುಗಿದರು. "ಎರಡನ್ನ ಎಲ್ಲಿ ಇಡಬೇಕಂತ ತಿಳೀದವ್ರಿಗೂ ಬೆಂಗಳೂರಾಗ ಕೆಲಸಾ ಸಿಗ್ತದೇನ್ರಿ ಅಕ್ಕಾರ?"

"ನನ್ನ ಹತ್ರ ಮಾತ್ರ ಸಿಗುತ್ತಮ್ಮಾ" ಎಂದರು ಮಿಸ್.

ಅವ್ವ ನಕ್ಕರು. ನಕ್ಕ ಮೇಲೆ ಮಾತು ಸುಲಭವಾಯಿತು. "ಪರೀಕ್ಷಾ ತನಕ ನೋಡ್ತೀನ್ರಿ ಅಕ್ಕಾರ. ಈ ಸಲಾನೂ ಹೋದ್ರ ಮತ್ತ ಕೇಳಬ್ಯಾಡ್ರಿ. ಕೆಲಸಕ್ಕ ಕಳ್ಸಾಕಿನ ನಾ."

ವಾಪಸ್ ಬರುವಾಗ ಆಟೋ ಹಳೇ ಮದ್ರಾಸ್ ರಸ್ತೆ ಹಿಡಿಯಿತು. ಹಲಸೂರು ಕೆರೆಯ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಮಿಸ್ ಕೇಳಿದರು.

"ಘಾತಾಂಕ ಯಾಕೆ ಸಣ್ಣಗಿರುತ್ತೆ ಗೊತ್ತಾ?"

"ಜಾಗ ಉಳೀಲಿ ಅಂತ?"

"ಅರೆ, ಬಾಡಿಗೆ ಮನೆ ಏನೋ ಅದು? ಅದು ಕೂಡೋ ಸಂಖ್ಯೆ ಅಲ್ಲ ರಾಜಾ. ಕೆಳಗಿರೋನಿಗೆ ಹೇಳೋ ಮಾತು. 'ನಿನ್ನನ್ನ ನಿನ್ನಿಂದಾನೇ ಗುಣಿಸ್ಕೋ' ಅಂತ. ಕಿವಿಯಲ್ಲಿ ಹೇಳೋ ಮಾತನ್ನ ಯಾರಾದ್ರೂ ಕೂಗ್ತಾರಾ? ಹಂಗಂತ ಕೇಳಿಸ್ದೇ ಇರೋ ಥರಾನೂ ಹೇಳ್ಬಾರ್ದು."

ನನಗೆ ಗಣಿತ ಹೇಳಿಕೊಟ್ಟ ಯಾರೂ ಅದನ್ನು ಹೀಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ಆವತ್ತು ಮ್ಯಾಚಿಗೆ ಹೋಗಿರಬೇಕು.

ಮಾರನೇ ದಿನದಿಂದ ಎಲ್ಲ ಮೊದಲಿಂದ. ಸಾಫ್ಟ್‌ವೇರಿಗೆ ಬಿಟ್ಟರೆ ಘಾತಾಂಕವನ್ನು ಎಂಟು ಪಾಯಿಂಟಿಗೆ ಇಳಿಸುತ್ತಿತ್ತು. ಅದು ಜೆರಾಕ್ಸಿನಲ್ಲಿ ಸವೆದು ಸೊಳ್ಳೆಯಾಗುತ್ತಿತ್ತು, ಎರಡೋ ಮೂರೋ ತಿಳಿಯುತ್ತಿರಲಿಲ್ಲ. ಏರಿಸಿದರೆ ಮತ್ತೆ ನನ್ನ ಸಮಾನತೆ. ಎಂಟಕ್ಕೂ ಹದಿಮೂರೂವರೆಗೂ ನಡುವೆ ಎಲ್ಲೋ ಆ ಕಿವಿಮಾತಿನ ಗಾತ್ರ ಇತ್ತು. ಒತ್ತಕ್ಷರಕ್ಕೂ ಘಾತಾಂಕಕ್ಕೂ ಜಗಳವಾಗದಂತೆ ಸಾಲುಗಳನ್ನು ಸ್ವಲ್ಪ ದೂರ ಸರಿಸಬೇಕಿತ್ತು. ದಿನಾ ಮಧ್ಯಾಹ್ನ ಮಿಸ್ ಹಾಲಿಲ್ಲದ ಸುಲೈಮಾನಿ ಚಹಾದ ಲೋಟ ಹಿಡಿದು ಕಣ್ಣುಮುಚ್ಚುವುದು, ನಾನು ಓದುವುದು, ಮೇಜು ಟಪ್ ಎನ್ನುವುದು. ಬರಬರುತ್ತಾ ಆ ಟಪ್ ಕಡಿಮೆಯಾಗುತ್ತಿತ್ತು, ಗಾತ್ರ ಸರಿಹೋಗುತ್ತಿದೆ ಎಂದುಕೊಂಡೆ. ಪರೀಕ್ಷೆ ಹತ್ತಿರವಾಗುತ್ತಿತ್ತು. ಹುಡುಗಿಯರು ಸರಿಯಾದ ಪುಟಗಳನ್ನು ಕಾಯುತ್ತಿದ್ದರು.

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಮಿಸ್ ನನಗೆ ಓದಲು ಹೇಳಲಿಲ್ಲ. ಚಹಾ ತಂದ ಅಣ್ಣನನ್ನು ಕೂರಿಸಿ, "ಸ್ವಲ್ಪ ಓದಪ್ಪಾ" ಎಂದರು. ಅವನು x ಅನ್ನು ಇಂಟು ಎಂದೇ ಓದಿದ. ಆದರೂ ಮಿಸ್ ಕಣ್ಣುಮುಚ್ಚಿ ಕೇಳಿದರು. ಮರುದಿನ ಭಾಯ್ ಅಂಗಡಿಯಲ್ಲಿ ಕಾಗದ ಹೊರುವವರು ಓದಿದರು. ಅದರ ಮರುದಿನ ಕೊರಿಯರ್ ತಂದವನು.

"ನಾನು ಓದ್ಲಾ ಮಿಸ್?"

"ಬೇಡ. ನೀನು ಟೈಪ್ ಮಾಡು." ಕೈ ಕೊಡವಿದರು.

ನನಗೆ ಅರ್ಥವಾಯಿತು. ಮಿಸ್ ನನ್ನನ್ನು ಕೆಲಸದಿಂದ ತೆಗೆದಿರಲಿಲ್ಲ, ಆದರೆ ಕ್ಷಮಿಸಿಯೂ ಇರಲಿಲ್ಲ. ದಾರಿಹೋಕರನ್ನು ನಂಬುತ್ತಾರೆ, ನನ್ನನ್ನು ನಂಬುವುದಿಲ್ಲ. ಮನಸ್ಸಿಗೆ ಬಹಳ ಹತ್ತಿತು. ಹೇಗಾದರೂ ಆ ಕುರ್ಚಿಯ ಎದುರಿನ ಜಾಗ ಮತ್ತೆ ಸಂಪಾದಿಸಬೇಕು ಎಂದು ಹಟಕ್ಕೆ ಬಿದ್ದೆ. ಅಲ್ಲಿಯವರೆಗೆ ನಾನು ಬರೀ ಟೈಪ್ ಮಾಡುತ್ತಿದ್ದ ಲೆಕ್ಕಗಳನ್ನು ಕೂತು ಬಿಡಿಸಿದೆ. ಬಸ್ಸಿನಲ್ಲಿ ಜೋರಾಗಿ ಓದಿದೆ. "ಎರಡು x ವರ್ಗ, ಅಧಿಕ ಐದು x, ಋಣ ಮೂರು, ಸಮ ಸೊನ್ನೆ." ಪಕ್ಕದಲ್ಲಿದ್ದ ಹೆಂಗಸು ಮಂತ್ರವಾದಿ ಎಂದುಕೊಂಡು ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿಗೆ ಹೋದರು. ಮನೆಯಲ್ಲಿ ಅಮ್ಮ ನನ್ನ ಹಣೆ ಮುಟ್ಟಿ ನೋಡಿದರು.

ಚಹಾದ ಅಣ್ಣ ಬಾರದ ಒಂದು ದಿನ, ಮಿಸ್ ಕೇಳದಿದ್ದರೂ ಪುಟ ಎತ್ತಿಕೊಂಡು ಎದುರಿಗೆ ನಿಂತೆ. ಲಂಬಕೋನ ತ್ರಿಭುಜದ ಪ್ರಮೇಯದ ಪುಟ. ಮೇಲಿನಿಂದ ಕೆಳಗಿನವರೆಗೆ ಓದಿದೆ. x ಬಂತು, ಹೋಯಿತು. ವರ್ಗ ಬಂತು, ಹೋಯಿತು. ಭಿನ್ನರಾಶಿ, ವರ್ಗಮೂಲ, ಯಾವುದಕ್ಕೂ ಉಸಿರು ಕಟ್ಟಲಿಲ್ಲ. ಮೇಜು ಒಂದು ಸಲವೂ ಸದ್ದು ಮಾಡಲಿಲ್ಲ. ಮುಗಿಸಿ, ಶಾಭಾಸ್ ಎನ್ನುತ್ತಾರೆಂದು ಎದೆಯುಬ್ಬಿಸಿ ನಿಂತೆ.

ಮಿಸ್ ಕಣ್ಣು ತೆರೆದರು. ಮುಖ ಇಳಿದುಹೋಗಿತ್ತು.

"ಚೆನ್ನಾಗಿ ಓದ್ದೆ" ಎಂದರು. ಅಷ್ಟೆ. ಕೈ ಕೂಡ ಕೊಡವಲಿಲ್ಲ. ಲೋಟ ತೆಗೆದುಕೊಂಡು ಕಿಟಕಿ ಕಡೆ ತಿರುಗಿದರು.

ನಾನು ಆ ಸಂಜೆ ಕಮರ್ಷಿಯಲ್ ಸ್ಟ್ರೀಟಿನ ಉದ್ದಕ್ಕೂ ಯಾರನ್ನೂ ನೋಡದೆ ನಡೆದು ಹೋದೆ. ಅಲ್ಲಿ ಯಾರನ್ನೂ ನೋಡದೆ ನಡೆಯಲು ಎಷ್ಟು ದುಃಖ ಬೇಕೆಂದು ಬೆಂಗಳೂರಿನವರಿಗೆ ಗೊತ್ತು.

ಪುಸ್ತಕ ಮುಗಿಯಿತು. ಕೊನೆಗೆ ಒಂಬತ್ತೂವರೆ ಪಾಯಿಂಟಿನ ಘಾತಾಂಕ. ಪರೀಕ್ಷೆಗೆ ಇನ್ನೂ ಸಾಕಷ್ಟು ದಿನ ಇರುವಾಗಲೇ ಹುಡುಗಿಯರ ಕೈಗೆ ಹೋಯಿತು. ಭಾನುವಾರದ ಪಾಠದಲ್ಲಿ ರೇಣುಕಾ ಅದನ್ನು ಓದುವುದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ತ್ರಿಭುಜದ ಪಾದದಿಂದ x ತನಕ, x ನಿಂದ ವರ್ಗದ ತನಕ ಅವಳ ಯಾದಗಿರಿಯ ರಾಗ ಒಂದೇ ಸಮ ಹರಿದುಹೋಯಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಪುಸ್ತಕ ಚೆನ್ನಾಗಿದೆ ಎಂದು ಒಬ್ಬ ಹುಡುಗಿಯೂ ಹೇಳಲಿಲ್ಲ. ಯಾರೂ ಗಮನಿಸಲಿಲ್ಲವಲ್ಲ ಮಿಸ್ ಎಂದು ನಾನು ಗೊಣಗಿದ್ದಕ್ಕೆ, "ಚಪ್ಪಲಿ ಸರಿಯಾಗಿದ್ರೆ ಯಾರು ಕಾಲು ನೋಡ್ಕೊಂಡು ನಡೀತಾರೆ?" ಎಂದರು.

ಫಲಿತಾಂಶ ಬಂದ ದಿನ ರೇಣುಕಾ, ಅವಳ ಅವ್ವ ಇಬ್ಬರೂ ಶೇಂಗಾ ಉಂಡೆಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದರು. ಅವ್ವನಿಗೆ ಏದುಸಿರು.

"ಎಷ್ಟು?" ಎಂದರು ಮಿಸ್.

"ನಲವತ್ತೊಂದ್ರೀ ಮಿಸ್!" ಎಂದಳು ರೇಣುಕಾ.

"ಇನ್ನೂ ಬರ್ಬೇಕಿತ್ತು" ಎಂದು ಮಿಸ್ ಕನ್ನಡಕ ತೆಗೆದು ಒರೆಸತೊಡಗಿದರು. ಆ ಕನ್ನಡಕದಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಬಹಳ ಹೊತ್ತು ಒರೆಸಿದರು. ರೇಣುಕಾಳ ಅವ್ವ ನನ್ನ ಕೈಗೆ ಉಂಡೆ ಇಡುತ್ತಾ, "ತಿನ್ರಿ. ಈಗರೆ ಎರಡು ಎಲ್ಲಿ ಇಡಬೇಕಂತ ತಿಳೀತಿಲ್ಲೋ?" ಎಂದರು. ಕಾಲೇಜಿನ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಮಿಸ್ ಹತ್ತಿರ ಕೇಳಿಕೊಂಡೇ ಹೋದರು.

ಮುಂದಿನ ವರ್ಷ ಮಿಸ್ಸಿನ ಬಲಗಣ್ಣೂ ಮಂಜಾಯಿತು. ಆ ಮೆಟ್ಟಿಲು ಹತ್ತುವುದು ಕಷ್ಟವಾಗಿ ಕೋಣೆ ಮುಚ್ಚಿದರು. ಕೈ ಹಿಡಿದು ಹತ್ತಿಸಲು ಹೋದವರಿಗೆಲ್ಲ ಬೈದಿದ್ದರು, ನನಗೆ ಸ್ವಲ್ಪ ಹೆಚ್ಚಾಗಿಯೇ. ನಾನು ಕಲ್ಯಾಣ ನಗರದ ಒಂದು ಕಂಪನಿ ಸೇರಿದೆ. ಅಲ್ಲಿ ಹೊರದೇಶದ ಗಣಿತ ಪುಸ್ತಕಗಳ ಪುಟ ಜೋಡಿಸುತ್ತೇವೆ. ಎರಡು ಅಕ್ಷರಗಳ ಎತ್ತರ ಅಳೆದು, ಭಾಗಿಸಿ, ಗಾತ್ರ ಇಷ್ಟಿರಬೇಕು ಎಂದು ಯಂತ್ರವೇ ಹೇಳಿಬಿಡುತ್ತದೆ. ಸರಿಯಾಗಿಯೇ ಹೇಳುತ್ತದೆ. ಆದರೂ ನಾನು ಪುಟ ಕಳಿಸುವ ಮುಂಚೆ ಒಂದು ಸಲ ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ. ಪಕ್ಕದ ಸೀಟಿನವನು ಮೊದಮೊದಲು ನನಗೆ ಲವ್ ಫೇಲ್ಯೂರ್ ಎಂದುಕೊಂಡಿದ್ದ. ಮೇಜು ಟಪ್ ಎನ್ನದ ಆಫೀಸಿನಲ್ಲಿ ಕೆಲಸ ಮಾಡುವುದು ಕಿವಿಗೆ ಇನ್ನೂ ಅಭ್ಯಾಸವಾಗಿಲ್ಲ.

ಈ ವರ್ಷ ಮಿಸ್ ಹೋದರು. ನನಗೆ ಸುದ್ದಿ ತಡವಾಗಿ ಸಿಕ್ಕಿತು. ಫ್ರೇಜರ್ ಟೌನಿನ ಅವರ ಮನೆಗೆ ಹೋಗುವ ಹೊತ್ತಿಗೆ ದಫನ್ ಮುಗಿದು, ಗಲ್ಲಿಯಲ್ಲಿ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಭಾಯ್ ಹೊರಗೆ ಕೂತಿದ್ದರು. "ಬೈಠೋ ಮಿಯಾ" ಎಂದು ಒಂದು ಕುರ್ಚಿ ಎಳೆದುಕೊಟ್ಟು ಚಹಾ ತರಿಸಿದರು. ಅವರು ಅಕ್ಕನನ್ನು ಆಪಾ ಎನ್ನುತ್ತಿದ್ದರು.

"ಆಪಾಗೆ ನಿನ್ ಮೇಲೆ ಬಹಳ ಬೇಜಾರಿತ್ತು ಕಣಯ್ಯಾ" ಎಂದರು.

"ಗೊತ್ತು ಭಾಯ್. ಆ ದಪ್ಪ ಎರಡು..."

"ಅರೆ, ಅದಲ್ಲ! ಅದನ್ನ ಬಂದೋರಿಗೆಲ್ಲಾ ಹೇಳ್ಕೊಂಡು ನಗ್ತಿದ್ರು. ನೀನು ಒಂದಿನ ಪೂರಾ ಪುಟ ಎಲ್ಲೂ ನಿಲ್ಲದೇ ಓದ್ಬಿಟ್ಯಂತಲ್ಲ, ಅವತ್ತು." ಭಾಯ್ ಲೋಟ ಕೆಳಗಿಟ್ಟರು. "ಊಟಕ್ಕೆ ಕೂತೋರು ತುತ್ತು ಕೈಯಲ್ಲಿ ಹಿಡ್ಕೊಂಡು ಹೇಳಿದ್ರು, 'ಹುಡುಗ ಹಾಳಾಗೋದ ಭಾಯ್. ಸ್ವಲ್ಪ ದಿನದಿಂದ ಅನುಮಾನ ಇತ್ತು, ಇವತ್ತು ಗ್ಯಾರಂಟಿ ಆಯ್ತು. ಗಣಿತ ಬಂದ್ಬಿಡ್ತು ಅವನಿಗೆ. x ಹತ್ರ ಅಷ್ಟು ಚೆನ್ನಾಗಿ ಎಡವೋನು, ನನ್ನ ಹುಡುಗೀರ ಥರಾನೇ ಎಡವೋನು, ಇಡೀ ಶಿವಾಜಿನಗರದಲ್ಲಿ ಇನ್ನೊಬ್ಬನ್ನ ನಾನೆಲ್ಲಿ ಹುಡುಕ್ಲಿ?'"